ಬಸಿದದ್ದೂ ಪ್ರಸಾದ, ಉಳಿದದ್ದೂ ಪ್ರಸಾದ: ಅಡುಗೆಮನೆಯ ಸೋಸುವ ಸಾಧನಗಳು

ಲಿಂಗವಂತರ ಮನೆಯಲ್ಲಿ ಅಡುಗೆಮನೆಯೆಂಬುದು ಕೇವಲ ಹಸಿವೆಗೆ ಅನ್ನ ಬೇಯಿಸುವ ಕೋಣೆಯಲ್ಲ. ಅಲ್ಲಿ ಬೆಂದುದು ಮೊದಲು ಲಿಂಗಕ್ಕೆ ಅರ್ಪಿತವಾಗಿ, ಅನಂತರ ಪ್ರಸಾದವೆನಿಸಿ ಎಡೆಗೆ ಬರುತ್ತದೆ. ಆದುದರಿಂದ ಒಲೆ, ಒಳಕಲ್ಲು, ಕೊಡ, ಸೌಟುಗಳೆಲ್ಲವೂ ಒಂದರ್ಥದಲ್ಲಿ ಪೂಜಾಸಾಮಗ್ರಿಗಳ ಬಂಧುಗಳೇ ಸರಿ. ಬೀಸುವ ಕಲ್ಲಿನ ಮೇಲೆ ನಮ್ಮ ಹೆಣ್ಣುಮಕ್ಕಳು ಹಾಡು ಕಟ್ಟಿದರು. ಒನಕೆಯ ಮೇಲೂ ಹಾಡು ಕಟ್ಟಿದರು. ಆದರೆ ಗೋಡೆಯ ಮೊಳೆಗೆ ತೂಗುಬಿದ್ದಿರುವ ಜರಡಿ, ಒಲೆಯ ಮಗ್ಗುಲಲ್ಲಿ ಮಡಚಿಟ್ಟ ಸೋಸುವ ಬಟ್ಟೆ, ಗಡಿಗೆಯ ಬಾಯಿಗೆ ಮುಚ್ಚುವ ಸಿಬ್ಬಲು, ಚಹಾ ಸೋಸುವ ಪುಟ್ಟ ಜಾಲರಿ ಇವುಗಳನ್ನು ನೆನೆಯುವವರು ವಿರಳ. ಹಬ್ಬದ ದಿನ ಇವುಗಳಲ್ಲಿ ಒಂದು ಕೈಗೆ ಸಿಗದಿದ್ದರೆ ಮಾತ್ರ ಇಡೀ ಮನೆಯೇ ತಡಕಾಡುತ್ತದೆ.

ಈ ಸಾಧನಗಳು ಚಿಕ್ಕವಾದರೂ ಅವು ಮಾಡುವ ಕೆಲಸ ಚಿಕ್ಕದಲ್ಲ. ಮನೆಯ ಆರೋಗ್ಯ, ಅಡುಗೆಯ ರುಚಿ, ಕೈ ಸುಡದಂತೆ ಕೆಲಸ ಮಾಡುವ ಸುರಕ್ಷತೆ ಇವೆಲ್ಲ ಅವುಗಳ ಸರಿಯಾದ ಬಳಕೆಯನ್ನು ಅವಲಂಬಿಸಿವೆ. ಇದಕ್ಕಿಂತ ಹೆಚ್ಚಾಗಿ, ಬಸಿದ ಮೇಲೆ ಕೆಳಗೆ ಇಳಿದದ್ದನ್ನು ನಾವು ಏನು ಮಾಡುತ್ತೇವೆ ಎಂಬ ಪ್ರಶ್ನೆಯೊಂದಿದೆ. ಇಂದಿನ ಮನೆಗಳಲ್ಲಿ ಅದು ನೇರವಾಗಿ ಮೋರಿಗೆ ಹೋಗುತ್ತಿದೆ. ನಮ್ಮ ಹಿರಿಯರ ಮನೆಗಳಲ್ಲಿ ಹಾಗೆ ಆಗುತ್ತಿರಲಿಲ್ಲ. ಈ ಒಂದು ವ್ಯತ್ಯಾಸವನ್ನು ಮುಂದಿಟ್ಟುಕೊಂಡು ನಾವು ಅಡುಗೆಮನೆಯ ಈ ಮೂಕ ಸೇವಕರನ್ನು ಒಂದೊಂದಾಗಿ ಪರಿಚಯಿಸಿಕೊಳ್ಳೋಣ.

ಕ್ರಿಯೆ ಬೇರೆ, ಮಾತೂ ಬೇರೆ

ನಮ್ಮ ಭಾಷೆಯ ಸೂಕ್ಷ್ಮವನ್ನು ಮೊದಲು ಗಮನಿಸಬೇಕು. ಬೆಂದ ಪದಾರ್ಥದಿಂದ ನೀರನ್ನು ಇಳಿಸುವುದು ‘ಬಸಿಯುವುದು’. ದ್ರವದಲ್ಲಿರುವ ಕಸ, ಚರಟ, ನಾರುಗಳನ್ನು ತಡೆದು ತಿಳಿಯನ್ನು ಪಡೆಯುವುದು ‘ಸೋಸುವುದು’. ಒಣ ಹಿಟ್ಟನ್ನು ತೌಡಿನಿಂದ ಬೇರ್ಪಡಿಸುವುದು ‘ಜರಡಿ ಹಿಡಿಯುವುದು’. ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲನ್ನು ತಳಕ್ಕೆ ನಿಲ್ಲಿಸುವುದು ‘ಜಾಲಿಸುವುದು’. ಒಂದೊಂದು ಕ್ರಿಯೆಗೂ ಒಂದೊಂದು ಮಾತು, ಒಂದೊಂದು ಸಾಧನ.

ಸಾಧನಗಳ ಹೆಸರೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಹಳೆಯ ಮೈಸೂರು ಸೀಮೆಯವರು ಒಂದರಿ, ಜರಡಿ ಎಂದರೆ ಉತ್ತರ ಕರ್ನಾಟಕದವರು ಸಾಣಿಗೆ, ಚಾಳಣಿ ಎನ್ನುತ್ತಾರೆ. ಸೊಸೆ ಬೇರೆ ಸೀಮೆಯಿಂದ ಬಂದಾಗ ಅತ್ತೆ ಕೇಳಿದ್ದು ಒಂದು, ಸೊಸೆ ತಂದುಕೊಟ್ಟದ್ದು ಇನ್ನೊಂದು ಆಗುವ ವಿನೋದ ನಮ್ಮ ಮನೆಗಳಿಗೆ ಹೊಸದಲ್ಲ.

ಬಟ್ಟೆ: ಸೋಸುವ ಸಾಧನಗಳಲ್ಲಿ ಹಿರಿಯದು

ಲೋಹದ ಜಾಲರಿ ಬರುವುದಕ್ಕೆ ಬಹು ಮೊದಲೇ ಶುಭ್ರವಾದ ಹತ್ತಿಯ ಬಟ್ಟೆ ನಮ್ಮ ಮನೆಗಳಲ್ಲಿ ಈ ಕೆಲಸ ಮಾಡುತ್ತಿತ್ತು. ಲಿಂಗಪೂಜೆಯ ಅಗ್ಘವಣಿಯನ್ನು ಬಟ್ಟೆಯಲ್ಲಿ ಸೋಸಿ ತರುವ ಶೀಲವನ್ನು ಪಾಲಿಸಿಕೊಂಡು ಬಂದ ಮನೆತನಗಳು ನಮ್ಮಲ್ಲಿವೆ. ಕುಡಿಯುವ ನೀರಿನ ಕೊಡಕ್ಕೂ ಬಾಯಿಗೆ ಬಟ್ಟೆ ಕಟ್ಟಿಯೇ ನೀರು ತುಂಬುವ ರೂಢಿ ಹಲವೆಡೆ ಇತ್ತು. ಹೊಸ ತಲೆಮಾರಿನವರು ಇದನ್ನು ಬರಿಯ ಮಡಿಯ ಆಚಾರವೆಂದು ಬಗೆಯಬಹುದು. ಆದರೆ ಈ ರೂಢಿಯಲ್ಲಿ ಎಷ್ಟು ಹಿರಿದಾದ ರಕ್ಷಣೆ ಅಡಗಿತ್ತೆಂಬುದಕ್ಕೆ ನಾರುಹುಣ್ಣಿನ ಇತಿಹಾಸವೇ ಸಾಕ್ಷಿ.

ನಾರುಹುಣ್ಣು ಒಂದು ಕಾಲಕ್ಕೆ ಕರ್ನಾಟಕವೂ ಸೇರಿದಂತೆ ದೇಶದ ಹಲವು ರಾಜ್ಯಗಳ ಹಳ್ಳಿಗಳನ್ನು ಕಾಡಿದ ರೋಗ. ಮೆಟ್ಟಿಲುಬಾವಿ, ಕೆರೆಗಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯ ಒಡಲಲ್ಲಿ ಈ ಹುಳುವಿನ ಮರಿ ಅಡಗಿರುತ್ತದೆ. ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷದ ಬಳಿಕ, ಹೆಚ್ಚಾಗಿ ಕಾಲಿನಲ್ಲಿ, ಬೊಬ್ಬೆಯೆದ್ದು ದಾರದಂತಹ ಹುಳು ಹೊರಬರುತ್ತದೆ. ಅದರ ಉದ್ದ ಒಂದು ಮೀಟರಿನವರೆಗೂ ಇರಬಹುದು. ನೋವು ತಾಳಲಾರದೆ ರೋಗಿ ಕಾಲನ್ನು ಬಾವಿಯ ನೀರಿನಲ್ಲಿ ಇಳಿಬಿಟ್ಟರೆ ಹುಳು ಮರಿಗಳನ್ನು ಅಲ್ಲಿಯೇ ಬಿಡುತ್ತದೆ. ಚಕ್ರ ಮತ್ತೆ ಮೊದಲಾಗುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಒಳಗೇ ಕೊಲ್ಲುವ ಔಷಧಿಯೂ ಇಲ್ಲ. ಆದರೆ ಸೈಕ್ಲಾಪ್ಸ್ ದಟ್ಟವಾದ ಬಟ್ಟೆಯನ್ನು ದಾಟಲಾರದು.

1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಬಾವಿಗಳ ಸುಧಾರಣೆ, ಕೊಳವೆಬಾವಿಗಳ ನಿರ್ಮಾಣಗಳ ಜೊತೆಗೆ ಮನೆಮನೆಯಲ್ಲೂ ನೀರು ಸೋಸಿ ಕುಡಿಯಿರೆಂದು ಬೋಧಿಸಿತು. ದೇಶದ ಕೊನೆಯ ನಾರುಹುಣ್ಣಿನ ರೋಗಿ 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಒಂದು ರೋಗವನ್ನು ದೇಶದಿಂದಲೇ ಅಟ್ಟುವುದರಲ್ಲಿ ಒಂದು ತುಂಡು ಬಟ್ಟೆಗೂ ಪಾಲಿತ್ತೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ನಿದರ್ಶನ ನೆರೆಯ ಬಾಂಗ್ಲಾದೇಶದ್ದು. ಅಲ್ಲಿನ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಅಮೆರಿಕೆಯ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ಕೆರೆ ಹೊಳೆಗಳ ನೀರನ್ನು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು 48 ಶೇಕಡಾ ಕಡಿಮೆಯಾಗಿತ್ತು. ಕಾಲರಾ ಕ್ರಿಮಿ ಬಟ್ಟೆಯ ರಂಧ್ರಕ್ಕಿಂತ ಬಹಳ ಸಣ್ಣದಾದರೂ ಅದು ನೀರಿನ ಸೂಕ್ಷ್ಮಜೀವಿಗಳಿಗೆ ಅಂಟಿಕೊಂಡಿರುವುದರಿಂದ ಅವುಗಳ ಜೊತೆ ತಡೆಗೊಳ್ಳುತ್ತದೆ. ಹೊಸ ಬಟ್ಟೆಗಿಂತ ಒಗೆದು ಒಗೆದು ಮೆತ್ತಗಾದ ಹಳೆಯ ಬಟ್ಟೆಯೇ ಲೇಸು. ನೂಲು ಸಡಿಲಗೊಂಡು ಅರಳಿ ರಂಧ್ರಗಳು ಕಿರಿದಾಗುತ್ತವೆ. ಅಜ್ಜಿಯ ಹಳೆಯ ಸೀರೆಗೆ ಇಷ್ಟು ಬೆಲೆ!

ಆದರೆ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಬಟ್ಟೆಯಲ್ಲಿ ಸೋಸಿದ ಮಾತ್ರಕ್ಕೆ ನೀರು ಸಂಪೂರ್ಣ ಶುದ್ಧವಾಗುವುದಿಲ್ಲ. ಅತಿ ಸೂಕ್ಷ್ಮವಾದ ರೋಗಾಣುಗಳೂ, ನೀರಿನಲ್ಲಿ ಕರಗಿರುವ ಫ್ಲೋರೈಡಿನಂತಹ ವಸ್ತುಗಳೂ ಬಟ್ಟೆಗೆ ನಿಲ್ಲವು. ಸಂಶಯದ ನೀರನ್ನು ಸೋಸಿದ ಮೇಲೂ ಚೆನ್ನಾಗಿ ಕುದಿಸಿ ಆರಿಸಿ ಕುಡಿಯುವುದೇ ಕ್ಷೇಮ. ಫ್ಲೋರೈಡು ಕುದಿಸಿದರೂ ಹೋಗುವುದಿಲ್ಲವಾದ್ದರಿಂದ ಅಂತಹ ಊರುಗಳವರು ಶುದ್ಧೀಕರಣ ಘಟಕದ ನೀರನ್ನೇ ಕುಡಿಯಬೇಕು.

ಅಡುಗೆಯಲ್ಲಿಯೂ ಬಟ್ಟೆಗೆ ಸಮನಾದುದು ಬೇರೊಂದಿಲ್ಲ. ಕೆನೆಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದರೆ ಶ್ರೀಖಂಡಕ್ಕೆ ಬೇಕಾದ ಗಟ್ಟಿ ಚಕ್ಕೆ ಸಿದ್ಧ. ನೆನೆಸಿದ ಹೆಸರುಕಾಳನ್ನು ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ. ಕಾಯಿಹಾಲನ್ನು ಹಿಂಡುವುದಕ್ಕೂ ಬಟ್ಟೆಯೇ ಬೇಕು. ಮೊಸರಿನಿಂದ ಇಳಿದ ತಿಳಿನೀರನ್ನು ಚೆಲ್ಲದೆ ಚಪಾತಿಯ ಹಿಟ್ಟು ಕಲಸಲು ಇಲ್ಲವೇ ಮಜ್ಜಿಗೆಹುಳಿಗೆ ಬೆರೆಸಬಹುದು.

ಸೋಸುವ ಬಟ್ಟೆಗೆ ಬಣ್ಣ ಬಿಡುವ, ನೈಲಾನು ಬೆರೆತ ಬಟ್ಟೆ ಸಲ್ಲದು. ನೀರಿಗೆ ಒಂದು, ಮೊಸರಿಗೆ ಒಂದು, ಹುಳಿ ಪದಾರ್ಥಕ್ಕೆ ಒಂದು ಎಂದು ಬೇರೆ ಬೇರೆ ಇರಲಿ. ಬಳಸಿದ ಕೂಡಲೇ ಒಗೆದು, ಆಗಾಗ ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಒಣಗಿಸಬೇಕು. ಒದ್ದೆಯಾಗಿಯೇ ಮೂಲೆಯಲ್ಲಿ ಮುದುಡಿ ಬಿದ್ದ ಬಟ್ಟೆ ಸೋಸುವ ಸಾಧನವಲ್ಲ, ಕ್ರಿಮಿಗಳ ತವರುಮನೆ.

ಬಿದಿರಿನ ಸಿಬ್ಬಲು ಮತ್ತು ಬಸಿದ ಗಂಜಿ

ಬಟ್ಟೆಯ ನಂತರದ ಸ್ಥಾನ ಬಿದಿರಿಗೆ. ಬಿದಿರಿನ ಸೀಳುಗಳಿಂದ ಹೆಣೆದ ಸಿಬ್ಬಲನ್ನು ಗಡಿಗೆಯ ಬಾಯಿಗೆ ಒತ್ತಿ ಬಾಗಿಸಿದರೆ ಅನ್ನ ಒಳಗೆ ನಿಲ್ಲುತ್ತದೆ, ಗಂಜಿ ಹೊರಗೆ ಹರಿಯುತ್ತದೆ. ಮದುವೆ, ಜಾತ್ರೆ, ದಾಸೋಹಗಳಲ್ಲಿ ಬಿದಿರಿನ ದೊಡ್ಡ ಬುಟ್ಟಿಗಳಿಗೆ ಕೊಪ್ಪರಿಗೆಯ ಅನ್ನವನ್ನು ಸುರಿದು ಬಸಿಯುವುದನ್ನು ನೀವು ಕಂಡಿರಬಹುದು. ಬಿದಿರು ಬೇಗ ಬಿಸಿಯೇರುವುದಿಲ್ಲ, ಅನ್ನಕ್ಕೆ ಲೋಹದ ವಾಸನೆಯನ್ನು ಕೊಡುವುದಿಲ್ಲ, ಸುತ್ತಲೂ ಸಂದುಗಳಿರುವುದರಿಂದ ನೀರು ಬೇಗ ಇಳಿದು ಅನ್ನ ಬಿಡಿಬಿಡಿಯಾಗುತ್ತದೆ.

ಬುಟ್ಟಿ, ಮೊರ, ಸಿಬ್ಬಲುಗಳನ್ನು ಕೈಗೆತ್ತಿಕೊಂಡಾಗ ನಮಗೆ ಸಹಜವಾಗಿ ನೆನಪಾಗುವವರು 12ನೆಯ ಶತಮಾನದ ಶರಣ ಮೇದರ ಕೇತಯ್ಯನವರು. ಬಿದಿರು ಸೀಳಿ ಬುಟ್ಟಿ ಮೊರಗಳನ್ನು ಹೆಣೆಯುವುದೇ ಅವರ ಕಾಯಕ. ಆ ಕಾಯಕದಿಂದ ಬಂದುದರಲ್ಲಿಯೇ ದಾಸೋಹ. ‘ಗವರೇಶ್ವರ’ ಎಂಬುದು ಅವರ ವಚನಗಳ ಅಂಕಿತ. ಅರಮನೆಯ ಮಂತ್ರಿಯೂ ಬಿದಿರು ಹೆಣೆಯುವವರೂ ಒಂದೇ ಅನುಭಾವದ ಸಾಲಿನಲ್ಲಿ ಕುಳಿತ ಪರಂಪರೆ ನಮ್ಮದು. ಆದುದರಿಂದ ಸಂತೆಯಲ್ಲಿ ಮೇದಾರರ ಬುಟ್ಟಿಯ ಬೆಲೆಯನ್ನು ಹತ್ತು ರೂಪಾಯಿಗಾಗಿ ಜಗ್ಗಾಡುವ ಮುನ್ನ, ಆ ಬುಟ್ಟಿಯ ಹಿಂದೆ ಒಂದು ಕಾಯಕವಿದೆಯೆಂಬುದನ್ನು ನೆನೆಯುವುದು ಒಳ್ಳೆಯದು.

1950ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿಯೇ ಕುಕ್ಕರುಗಳ ತಯಾರಿಕೆ ಮೊದಲಾಯಿತು. ಅವು ಮನೆಮನೆಯನ್ನು ಸೇರಿದಂತೆ ಅನ್ನ ಬಸಿಯುವ ಪದ್ಧತಿ ಹಿಂದೆ ಸರಿಯಿತು. ಈಚೆಗೆ ಸಕ್ಕರೆ ಕಾಯಿಲೆಯ ಭಯದಿಂದ ಕೆಲವರು ಮತ್ತೆ ಬಸಿದ ಅನ್ನಕ್ಕೆ ಮರಳುತ್ತಿದ್ದಾರೆ. ಈ ವಿಷಯದಲ್ಲಿ ಸತ್ಯವನ್ನು ಅಳತೆ ಮೀರದೆ ಅರಿಯಬೇಕು. ಬಸಿಯುವುದರಿಂದ ಪಿಷ್ಟದ ಸ್ವಲ್ಪ ಭಾಗ ಹೋಗುವುದು ನಿಜ. ಆದರೆ ಅನ್ನ ಅನ್ನವೇ. ಬಸಿದದ್ದೆಂಬ ಧೈರ್ಯದಿಂದ ಎರಡು ಹಿಡಿ ಹೆಚ್ಚು ಉಂಡರೆ ಲಾಭವೇನೂ ಉಳಿಯದು. ಅಲ್ಲದೆ, ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು ಗಂಜಿಯೊಡನೆ ಹೊರಟುಹೋಗುತ್ತವೆ. ಕುಸುಬಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಈ ಸತ್ವದ ಒಂದಂಶ ಕಾಳಿನೊಳಕ್ಕೆ ಇಳಿದಿರುವುದರಿಂದ ನಷ್ಟ ಕಡಿಮೆ.

ಹೀಗಿರುವಾಗ ಗಂಜಿಯನ್ನು ಚೆಲ್ಲುವುದೆಂದರೆ ಸತ್ವವನ್ನೇ ಚೆಲ್ಲಿದಂತೆ. ಬಿಸಿ ಗಂಜಿಗೆ ಚಿಟಿಕೆ ಉಪ್ಪು, ಒಂದು ಸೌಟು ಮಜ್ಜಿಗೆ, ಜಜ್ಜಿದ ಶುಂಠಿ ಬೆರೆಸಿದರೆ ಬೇಸಗೆಯಲ್ಲಿ ದುಡಿದು ಬಂದವರಿಗೆ ತಂಪು. ಅದನ್ನು ಸಾರಿಗೆ ಸೇರಿಸಿದರೆ ಸಾರು ದಪ್ಪಗಾಗುತ್ತದೆ. ಉಳಿದದ್ದು ಹತ್ತಿಯ ಸೀರೆಗೆ, ಧೋತರಕ್ಕೆ ಗಂಜಿ ಹಾಕಲು ಒದಗುತ್ತದೆ. ಕೊನೆಗೆ ಏನಾದರೂ ಮಿಕ್ಕರೆ ಕೊಟ್ಟಿಗೆಯ ಮುಸುರೆಗೆ. ಹಿಂದಿನ ಮನೆಯಲ್ಲಿ ಗಂಜಿ ಹೋಗುತ್ತಿದ್ದ ದಾರಿಗಳಿವು, ಅವುಗಳಲ್ಲಿ ಮೋರಿಯಿರಲಿಲ್ಲ.

ತೂತಿನ ಪಾತ್ರೆ: ಹೋಳಿಗೆಯ ಗುಟ್ಟು

ಈಗ ಪೇಟೆಯಲ್ಲಿ ದೊರೆಯುವ ಉಕ್ಕಿನ ತೂತಿನ ಪಾತ್ರೆಗೆ ಎರಡು ಹಿಡಿ, ಕೆಳಗೆ ನಿಲ್ಲಲು ಬಳೆಯಿರುತ್ತದೆ. ತರಕಾರಿ ತೊಳೆಯಲು, ಬೆಂದ ಶಾವಿಗೆಯ ನೀರು ಬಸಿಯಲು, ಸೊಪ್ಪು ಇಡಲು ಇದು ಅನುಕೂಲ. ಶಾವಿಗೆ ಬಸಿದ ಕೂಡಲೇ ಮೇಲೆ ಒಂದು ಲೋಟ ತಣ್ಣೀರು ಸುರಿದರೆ ಎಳೆಗಳು ಒಂದಕ್ಕೊಂದು ಅಂಟುವುದಿಲ್ಲ. ಬಳಿಕ ಹಾಲು, ಬೆಲ್ಲ, ತುಪ್ಪ ಹಾಕಿ ಬಡಿಸಬಹುದು.

ಆದರೆ ಈ ಪಾತ್ರೆಯ ನಿಜವಾದ ಪರೀಕ್ಷೆ ನಡೆಯುವುದು ಹೋಳಿಗೆಯ ದಿನ. ಯುಗಾದಿ, ಬಸವ ಜಯಂತಿ, ಹೋಳಿಹುಣ್ಣಿಮೆಗಳಂದು ಹೋಳಿಗೆಯಿಲ್ಲದ ಮನೆಯುಂಟೆ? ಕಡಲೆಬೇಳೆ ಬೆರಳುಗಳ ನಡುವೆ ಹಿಚುಕಿದರೆ ನುರಿಯಬೇಕು, ಆದರೆ ಕರಗಿ ಗೊಜ್ಜಾಗಬಾರದು. ಅದೇ ಬಸಿಯುವ ಹದ. ಬಸಿಯುವುದರಲ್ಲಿ ಅವಸರಪಟ್ಟು ಬೇಳೆಯಲ್ಲಿ ನೀರು ಉಳಿಸಿದರೆ, ಬೆಲ್ಲ ಸೇರಿದಾಗ ಹೂರಣ ಸಡಿಲವಾಗಿ, ಲಟ್ಟಿಸುವಾಗ ಕಣಕ ಹರಿದು ಹೂರಣ ಹೊರಬರುತ್ತದೆ. ಹೋಳಿಗೆ ಕೆಟ್ಟಿತೆಂದು ಹಲವರು ಕಣಕವನ್ನು ಬಯ್ಯುತ್ತಾರೆ. ಆದರೆ ಬಹಳಷ್ಟು ಸಲ ತಪ್ಪು ಕಣಕದ್ದಲ್ಲ, ಬಸಿಯುವಿಕೆಯದು. ಬೇಳೆಯನ್ನು ತೂತಿನ ಪಾತ್ರೆಗೆ ಹಾಕಿ ಹದಿನೈದು ನಿಮಿಷ ಹಾಗೆಯೇ ಬಿಟ್ಟು, ನಡುವೆ ಒಮ್ಮೆ ಮೆಲ್ಲಗೆ ಕುಲುಕಿದರೆ ಸಾಕು. ಬೆಲ್ಲದೊಡನೆ ಬೇಯಿಸಿದ ಬೇಳೆಯನ್ನು ಒಳಕಲ್ಲಿನಲ್ಲಿ ರುಬ್ಬಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿರುವ, ಹಿಡಿಕೆ ತಿರುಗಿಸುವ ಹೂರಣದ ಯಂತ್ರವೂ ಮೂಲತಃ ಒಂದು ಜರಡಿಯೇ. ಅದು ಬೇಳೆಯನ್ನು ರಂಧ್ರಗಳ ಮೂಲಕ ಒತ್ತಿ ಗಂಟಿಲ್ಲದ ಹೂರಣವನ್ನು ಕೊಡುತ್ತದೆ.

ಕೆಳಗೆ ಇಳಿದ ಬೇಳೆಯ ನೀರೇ ‘ಕಟ್ಟು’. ಅದಕ್ಕೆ ಒಂದು ಹಿಡಿ ಹೂರಣ, ಹುಣಸೆ ರಸ, ಕೊಬ್ಬರಿ, ಜೀರಿಗೆ, ಮೆಣಸು, ಲವಂಗ, ದಾಲ್ಚಿನ್ನಿಗಳ ಮಸಾಲೆ ಸೇರಿಸಿ ಕುದಿಸಿ, ಇಂಗು ಕರಿಬೇವುಗಳ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು. ಹೋಳಿಗೆಯ ಸಿಹಿಯಿಂದ ದಣಿದ ನಾಲಗೆಗೆ ಇದರ ಹುಳಿಖಾರವೇ ಮದ್ದು. ಹಳೆಯ ಮೈಸೂರಿನ ಬಸ್ಸಾರಿನ ಹಿಂದೆಯೂ ಇದೇ ಜಾಣ್ಮೆಯಿದೆ. ಸೊಪ್ಪು, ಕಾಳುಗಳನ್ನು ಬೇಯಿಸಿ ಬಸಿದ ಮೇಲೆ ಉಳಿದದ್ದು ಪಲ್ಯವಾಗುತ್ತದೆ, ಇಳಿದದ್ದು ಸಾರಾಗುತ್ತದೆ. ಒಂದು ಪಾತ್ರೆ, ಒಂದು ಬೇಯಿಸುವಿಕೆ, ಎರಡು ಪದಾರ್ಥ. ಬಸಿದ ನೀರು ಕಸವೆಂಬ ಭಾವನೆ ನಮ್ಮ ಅಡುಗೆಗೆ ಎಂದೂ ಇರಲಿಲ್ಲವೆಂಬುದಕ್ಕೆ ಈ ಎರಡು ಸಾರುಗಳೇ ಸಾಕ್ಷಿ.

ಹಾಗೆಂದು ಎಲ್ಲ ನೀರನ್ನೂ ಉಳಿಸಬೇಕೆಂದು ನಾವು ಹೇಳುತ್ತಿಲ್ಲ. ರಾಜ್ಮಾದಂತಹ ಕಾಳುಗಳನ್ನು ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿಯೇ, ಚೆನ್ನಾಗಿ ಕುದಿಸಿಯೇ ಬೇಯಿಸಬೇಕು. ಆ ನೀರೂ, ಅಕ್ಕಿ ಬೇಳೆ ತೊಳೆದ ನೀರೂ ಉಪ್ಪಿಲ್ಲದಿರುವುದರಿಂದ ಕರಿಬೇವಿನ ಗಿಡದ ಬುಡಕ್ಕೆ ಸಲ್ಲಬಹುದು.

ಜರಡಿ ಹಿಡಿಯುವ ಕೈ

ಹಿಟ್ಟಿನ ಜರಡಿಗಳಲ್ಲಿ ದಪ್ಪ ಕಣ್ಣಿನದು, ಸಣ್ಣ ಕಣ್ಣಿನದು ಎಂಬ ಭೇದವಿದೆ. ಒಂದು ಅಂಗುಲದ ಉದ್ದದಲ್ಲಿ ಎಷ್ಟು ಕಣ್ಣುಗಳಿವೆ ಎಂಬುದೇ ಜರಡಿಯ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಹಿಟ್ಟು ನಯ. ಮನೆಗೆ ಎರಡು ಸಾಕು. ಜೋಳ, ಗೋಧಿಯ ಹಿಟ್ಟಿಗೆ ಮಧ್ಯಮ ಕಣ್ಣಿನದೊಂದು, ಚಕ್ಕುಲಿ, ಕರ್ಚಿಕಾಯಿಗಳ ಹಿಟ್ಟಿಗೆ ನಯ ಕಣ್ಣಿನದೊಂದು.

ಜರಡಿ ಹಿಡಿಯುವುದು ಹಿಟ್ಟಿನ ಹುಳು, ಕಡ್ಡಿ, ಕಲ್ಲಿನ ಚೂರುಗಳನ್ನು ತೆಗೆಯಲಿಕ್ಕೆ, ತೌಡನ್ನು ಎಸೆಯಲಿಕ್ಕಲ್ಲ. ಗೋಧಿಯ ನಾರು, ಬಿ ಜೀವಸತ್ವಗಳು, ಕಬ್ಬಿಣದ ಅಂಶ ಹೆಚ್ಚಾಗಿ ಇರುವುದು ಆ ತೌಡಿನಲ್ಲಿಯೇ. ಆದುದರಿಂದ ಜರಡಿಯಲ್ಲಿ ಉಳಿದುದನ್ನು ಒಮ್ಮೆ ಪರೀಕ್ಷಿಸಿ, ಶುಚಿಯಾಗಿದ್ದರೆ ಮತ್ತೆ ಹಿಟ್ಟಿಗೇ ಬೆರೆಸಿಬಿಡಬೇಕು. ಮಕ್ಕಳಿಗೆ ಚಪಾತಿ ಬಿಳುಪಾಗಿ ಕಾಣಲೆಂದು ತೌಡು ತೆಗೆಯುವ ತಾಯಂದಿರು, ಬಿಳುಪಿನೊಡನೆ ತಾವು ಏನನ್ನು ಕಳೆಯುತ್ತಿದ್ದೇವೆಂಬುದನ್ನು ಯೋಚಿಸಬೇಕು. ಹಿಟ್ಟಿನ ಜರಡಿಯನ್ನು ಎಂದಿಗೂ ಒದ್ದೆ ಪದಾರ್ಥಕ್ಕೆ ಬಳಸಬಾರದು. ಕಣ್ಣುಗಳಲ್ಲಿ ಹಿಟ್ಟು ಕಟ್ಟಿ ಮುಗ್ಗುತ್ತದೆ. ಒಣ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ ತೂಗುಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ.

ಕರಿಯುವ ಝಾರ, ಚಹಾದ ಸೋಸಣಿಗೆ, ಕಾಫಿಯ ಫಿಲ್ಟರು

ಕರಿದ ತಿಂಡಿಯನ್ನು ಎತ್ತಲು ತೂತಿನ ಸೌಟು, ಅಂದರೆ ಝಾರ, ಅವಶ್ಯ. ತಂತಿ ಹೆಣೆದ ಝಾರದಲ್ಲಿ ಎಣ್ಣೆ ಬೇಗ ಇಳಿಯುತ್ತದೆ. ತಗಡಿಗೆ ತೂತು ಹೊಡೆದ ಝಾರ ಬೂಂದಿ ಬಿಡಲು ಒದಗುತ್ತದೆ. ತಿಂಡಿಯನ್ನು ಎತ್ತಿದ ಮೇಲೆ ಬಾಣಲೆಯ ಅಂಚಿಗೆ ಒರಗಿಸಿ ಕ್ಷಣಕಾಲ ಹಿಡಿದರೆ ಎಣ್ಣೆ ಬಾಣಲೆಗೇ ಮರಳುತ್ತದೆ. ಉಳಿದ ಎಣ್ಣೆ ಆರಿದ ಮೇಲೆ ಅದನ್ನು ನಯವಾದ ಜಾಲರಿಯಲ್ಲಿ ಸೋಸಿಡಬೇಕು. ತಳದಲ್ಲಿ ನಿಂತ ಹಿಟ್ಟಿನ ಚೂರುಗಳು ಮುಂದಿನ ಸಲ ಕಾದಾಗ ಹೊತ್ತಿ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಸೋಸಿದ ಎಣ್ಣೆಯಾದರೂ ಕಪ್ಪಾಗಿ ಜಿಗುಟಾದರೆ ಮತ್ತೆ ಬಳಸಬಾರದು.

ಚಹಾ ಸೋಸುವ ಪ್ಲಾಸ್ಟಿಕ್ ಜಾಲರಿಗಳು ಅಗ್ಗವೆಂದು ಮನೆ ಹೊಕ್ಕಿವೆ. ಕುದಿಯುವ ಚಹಾ ದಿನವೂ ಬಿದ್ದು ಅವು ಸೊಟ್ಟಗಾಗಿ, ಎಳೆ ಬಿಟ್ಟು, ಕರೆಗಟ್ಟುತ್ತವೆ. ಬಿಸಿ ಪದಾರ್ಥಕ್ಕೆ ಉಕ್ಕಿನದೇ ಯೋಗ್ಯ. ಕರೆ ಹಿಡಿದ ಉಕ್ಕಿನ ಸೋಸಣಿಗೆಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಹೊಳಪು ಮರಳುತ್ತದೆ.

ಕಾಫಿಯ ಫಿಲ್ಟರು ನಮ್ಮ ಸೀಮೆಯ ಹೆಮ್ಮೆ. ಮೇಲಿನ ಪಾತ್ರೆಯ ತಳದಲ್ಲಿ ಸೂಜಿಮೊನೆಯಂತಹ ರಂಧ್ರಗಳು. ಪುಡಿಯ ಮೇಲೆ ಒತ್ತುವ ಕೊಡೆಯಂತಹ ತಟ್ಟೆ. ಕೆಳಗೆ ಡಿಕಾಕ್ಷನ್ ಇಳಿಯುವ ಪಾತ್ರೆ. ಬಿಸಿನೀರು ಸುರಿದು ಹತ್ತು ಹದಿನೈದು ನಿಮಿಷ ಕಾಯುವ ತಾಳ್ಮೆಯೇ ಇದರ ರುಚಿಯ ಗುಟ್ಟು. ರಂಧ್ರ ಕಟ್ಟಿಕೊಂಡರೆ ಮೇಲಿನ ಪಾತ್ರೆಯನ್ನು ಒಣಗಿಸಿ, ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಯ ಮೇಲೆ ತಳವನ್ನು ತುಸು ಕಾಯಿಸಿದರೆ ಒಳಗಿನ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ತೊಳೆಯಬೇಕು. ಚಹಾ, ಕಾಫಿಗಳ ಚರಟವನ್ನು ಸಕ್ಕರೆಯ ಅಂಶ ಹೋಗುವಂತೆ ತೊಳೆದು ಹೂಗಿಡಗಳ ಗೊಬ್ಬರಕ್ಕೆ ಬೆರೆಸಬಹುದು.

ಕೊಳ್ಳುವಾಗ, ಬಳಸುವಾಗ

ಕೊಳ್ಳುವಾಗ ಜಾಲರಿಯನ್ನು ಬಳೆಗೆ ಸೇರಿಸಿದ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ತಂತಿಯ ಮೊನೆ ತಾಗಿದರೆ ಅದನ್ನು ಬಿಡುವುದೇ ಲೇಸು. ಬಿಡಿಸಿಕೊಂಡ ತಂತಿಯ ಚೂರು ಆಹಾರದಲ್ಲಿ ಸೇರುವ ಅಪಾಯವಿದೆ. ಹುಣಸೆ, ಮಜ್ಜಿಗೆ, ಟೊಮೇಟೊಗಳಂತಹ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ ಇಲ್ಲವೇ ಸತುವು ಲೇಪಿಸಿದ ಕಬ್ಬಿಣದ ಜಾಲರಿಯಲ್ಲಿ ಸೋಸಬಾರದು. ಹುಳಿಗೆ ಲೋಹ ಕರಗುತ್ತದೆ. ಹಿತ್ತಾಳೆಯ ಸಾಧನವಾದರೆ ಕಲಾಯಿ ಇರಲೇಬೇಕು. ತುಕ್ಕು ಹಿಡಿದ, ಕಣ್ಣು ಹರಿದ ಜರಡಿಯನ್ನು ಮಮತೆಯಿಂದ ಉಳಿಸಿಕೊಳ್ಳಬಾರದು.

ಬಸಿಯುವಾಗಿನ ಸುಟ್ಟಗಾಯಗಳು ಅಡುಗೆಮನೆಯ ದೊಡ್ಡ ಆಪತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳನ್ನು ದೂರವಿಟ್ಟು, ತೂತಿನ ಪಾತ್ರೆಯನ್ನು ಅಲುಗದ ಜಾಗದಲ್ಲಿ ನಿಲ್ಲಿಸಿ, ಹಬೆ ಮುಖಕ್ಕೆ ಬಾರದಂತೆ ನಮ್ಮಿಂದ ಆಚೆಗೆ ಬಾಗಿಸಿ ಸುರಿಯಬೇಕು. ಪಾತ್ರೆ ಹಿಡಿಯುವ ಬಟ್ಟೆ ಒಣಗಿರಲಿ. ಒದ್ದೆ ಬಟ್ಟೆಯ ಮೂಲಕ ಬಿಸಿ ಕ್ಷಣದಲ್ಲಿ ಕೈಗೆ ತಾಗಿ, ಪಾತ್ರೆಯೇ ಕೈಜಾರುತ್ತದೆ. ಗರ್ಭಿಣಿಯರು, ವೃದ್ಧರು ದೊಡ್ಡ ಪಾತ್ರೆಯನ್ನು ತಾವೇ ಎತ್ತಬಾರದು. ಮನೆಯ ಗಂಡಸರು ಈ ಹೊತ್ತಿಗೆ ಒಳಗೆ ಬಂದು ಕೈಜೋಡಿಸಿದರೆ ಅವರ ಹಿರಿಮೆಗೆ ಕುಂದಿಲ್ಲ. ಒಂದು ವೇಳೆ ಸುಟ್ಟರೆ ಶಾಯಿ, ಬೆಣ್ಣೆ, ಹಲ್ಲಿನ ಪೇಸ್ಟು ಬಳಿಯದೆ, ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ಗಾಯ ದೊಡ್ಡದಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಸೋಸುವುದೆಂದರೆ ಎಸೆಯುವುದಲ್ಲ

12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು ಅವರು. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಹೇಳಿದಳು. ಬಿದ್ದ ಕಾಳೂ ವ್ಯರ್ಥವಾಗಬಾರದು, ಬೇಕಾದುದಕ್ಕಿಂತ ಒಂದು ಕಾಳೂ ಹೆಚ್ಚಿರಬಾರದು ಎಂಬ ಎರಡು ಅರಿವುಗಳು ಅವಳಲ್ಲಿ ಒಂದಾಗಿದ್ದವು.

ಸೋಸುವ ಸಾಧನ ನಮ್ಮ ಕೈಗೆ ಬಂದಾಗ ಈ ಅರಿವು ಜೊತೆಗಿರಬೇಕು. ಜರಡಿಯು ಒಳ್ಳೆಯದನ್ನೂ ಕೆಟ್ಟದ್ದನ್ನೂ ವಿಂಗಡಿಸುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹೆಚ್ಚಿನ ವೇಳೆ ಅದು ಒಳ್ಳೆಯ ಎರಡನ್ನು ಬೇರ್ಪಡಿಸಿ ಕೊಡುತ್ತದೆ: ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ, ಅನ್ನ ಎಡೆಗೆ, ಗಂಜಿ ಬಟ್ಟಲಿಗೆ, ಚಕ್ಕೆ ಶ್ರೀಖಂಡಕ್ಕೆ, ತಿಳಿ ಮಜ್ಜಿಗೆಹುಳಿಗೆ. ಯಾವುದು ಎಲ್ಲಿಗೆ ಸಲ್ಲಬೇಕೆಂದು ಅರಿತು ಸಲ್ಲಿಸುವುದು ಗೃಹಿಣಿಯ, ಅಷ್ಟೇ ಅಲ್ಲ ಮನೆಯವರೆಲ್ಲರ ಹೊಣೆ.

ಬರುವ ಹಬ್ಬದ ದಿನ ಹೋಳಿಗೆಯ ಬೇಳೆ ಬಸಿಯುವಾಗ, ಮನೆಯ ಮಕ್ಕಳನ್ನು ಬಿಸಿಯಿಂದ ತುಸು ದೂರ ನಿಲ್ಲಿಸಿ, ಕೆಳಗಿನ ಪಾತ್ರೆಗೆ ಇಳಿಯುವ ಕಟ್ಟನ್ನು ತೋರಿಸಿರಿ. ಇದು ಯಾಕೆ ಚೆಲ್ಲುವಂತಿಲ್ಲವೆಂದು ಹೇಳಿರಿ. ಪ್ರಸಾದವೆಂದರೇನೆಂಬ ಪಾಠ ಅವರಿಗೆ ಅಡುಗೆಮನೆಯಲ್ಲಿಯೇ ಮೊದಲಾಗಲಿ.